ಡಿಸ್ಕಿಗೆ ಬಳಿದ ಬಣ್ಣ

ಒಂದು ಕಾರು ಓಡುತ್ತಿದೆಯೋ ಸುಮ್ಮನೆ ನಿಂತಿದೆಯೋ ಎಂದು ಅದರ ಒಡೆಯನನ್ನು ಕೇಳಬಾರದು. ಬಗ್ಗಿ, ಚಕ್ರದ ಸಂದಿಯಲ್ಲಿ ಇಣುಕಿ ಬ್ರೇಕಿನ ಡಿಸ್ಕ್ ನೋಡಬೇಕು. ಓಡುವ ಕಾರಿನ ಡಿಸ್ಕು ತೊಳೆದಿಟ್ಟ ತಟ್ಟೆಯಂತೆ ಹೊಳೆಯುತ್ತದೆ, ಏಕೆಂದರೆ ಬ್ರೇಕ್ ಒತ್ತಿದಾಗಲೆಲ್ಲ ಪ್ಯಾಡುಗಳು ಅದನ್ನು ಎರಡೂ ಕಡೆಯಿಂದ ಹಿಡಿದು ಉಜ್ಜುತ್ತವೆ. ನಿಂತ ಕಾರಿನ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ. ಇಷ್ಟು ಸರಳವಾದ ವಿಷಯ ನನ್ನ ತಮ್ಮನ ತಲೆಗೆ ಹೋಗಿರಲಿಲ್ಲ. ಸುಳ್ಳು ಹೇಳುವುದಕ್ಕೂ ಸ್ವಲ್ಪ ಕಸುಬು ಗೊತ್ತಿರಬೇಕು.

ಅಪ್ಪ ಹೋದ ಮೇಲೆ ಅವನ ಗ್ಯಾರೇಜಿನ ನಡುವೆ ಒಂದು ಗೋಡೆ ಎದ್ದಿತು. ಗೋಡೆಯ ಈ ಕಡೆ ನಾನು, ಬ್ರೇಕ್ ಕೆಲಸ. ಆ ಕಡೆ ತಮ್ಮ, ಕಾರುಗಳಿಗೆ ಪಾಲಿಶ್ ಹಾಕುವ ಕೆಲಸ. ಬೀದಿಯವರು ಅವನನ್ನು ಕರೆಯುವುದೂ ಪಾಲಿಶ್ ಎಂದೇ. ಎಂಥ ಗೀರು ಬಿದ್ದ ಬಾಗಿಲನ್ನಾದರೂ ಬೆಕ್ಕು ಬಂದು ಮುಖ ನೋಡಿಕೊಂಡು ಹೋಗುವ ಹಾಗೆ ಮಾಡಿಕೊಡುತ್ತಾನೆ. ಮಾತೂ ಅಷ್ಟೇ ನುಣುಪು. ನನ್ನ ಕೈ ಯಾವಾಗಲೂ ಕಪ್ಪು, ಮಾತು ಒರಟು. ಇಬ್ಬರಲ್ಲಿ ಅಮ್ಮನಿಗೆ ಯಾರ ಮೇಲೆ ಜೀವ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಸ್ಪತ್ರೆಯಿಂದ ಬಿಟ್ಟಾಗ ಎಲ್ಲಿಗೆ ಕರೆದೊಯ್ಯುವುದು ಎಂಬ ಪ್ರಶ್ನೆ ಬಂತು. ನನ್ನ ಮನೆ ಗ್ಯಾರೇಜಿನ ಮೇಲೆ, ಕಡಿದಾದ ಮೆಟ್ಟಿಲು. ಎತ್ತಿಕೊಂಡಾದರೂ ಹತ್ತಿಸುತ್ತೇನೆ ಎಂದು ನಾನು ಹಟ ಹಿಡಿದೆ. ತಮ್ಮ ಬೆಟ್ಟದ ಮೇಲೆ ಒಂದು ಆರೈಕೆ ಮನೆ ನೋಡಿಕೊಂಡು ಬಂದಿದ್ದ. ನರ್ಸುಗಳಿದ್ದಾರೆ, ಗಾಳಿ ಬೆಳಕಿದೆ ಎಂದೆಲ್ಲ ಹೊಗಳಿದ. ನಾನು ಜಗ್ಗಲಿಲ್ಲ. ಆಗ ನನ್ನ ಕಪ್ಪು ಕೈಯನ್ನೇ ಹಿಡಿದುಕೊಂಡ.

"ಅಕ್ಕಾ, ಅಪ್ಪನ ಕಾರು ನನ್ನ ಹತ್ರ ಇರ್ಲಿ. ಪ್ರತಿ ಭಾನುವಾರ ತಪ್ಪದೆ ಹೋಗಿ ನೋಡ್ಕೊಂಡು ಬರ್ತೀನಿ. ನೀನು ವಾರದ ಮಧ್ಯೆ ಬಸ್ಸಲ್ಲಿ ಹೋಗು. ಅಮ್ಮಂಗೆ ಒಂಟಿ ಅನ್ಸೋಕೆ ಬಿಡಲ್ಲ ನಾನು."

ಭಾನುವಾರ ನನಗೆ ಉಸಿರಾಡಲೂ ಬಿಡುವಿರುವುದಿಲ್ಲ. ರಜೆ ಇದ್ದವರೆಲ್ಲ ಅವತ್ತೇ ಕಾರು ತರುತ್ತಾರೆ. ಹಾಗಾಗಿ ಒಪ್ಪಿದೆ. ಅವನ ಆ ಒಂದು ಮಾತು ನಂಬಿ ಒಪ್ಪಿದೆ. ಬುಧವಾರ ಬುಧವಾರ ನಾನು ಹೋದಾಗಲೆಲ್ಲ ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, "ಭಾನುವಾರ ಅವನು ಬಂದಿದ್ದ ಕಣೇ" ಎನ್ನುತ್ತಿದ್ದಳು. ನನಗೂ ಎದೆಯ ಭಾರ ಇಳಿಯುತ್ತಿತ್ತು.

ಒಂದು ಸೋಮವಾರ ಬಣ್ಣ ಕರಗಿಸುವ ಥಿನ್ನರ್ ಕೇಳಲು ಅವನ ಅಂಗಡಿಗೆ ಹೋದೆ. ಅಪ್ಪನ ಕಾರು ಮೂಲೆಯಲ್ಲಿ ನಿಂತಿತ್ತು. ಮೈಯೆಲ್ಲ ಥಳಥಳ. ಡಿಸ್ಕು ಮಾತ್ರ ಇಟ್ಟಿಗೆ ಬಣ್ಣ.

"ಏನೋ ಇದು, ಹೀಗೆ ತುಕ್ಕು ಹಿಡಿದಿದೆ?"

"ನಿನ್ನೆ ಅಮ್ಮನ್ನ ನೋಡಿ ಬಂದ್ಮೇಲೆ ತೊಳೆದೆ ಅಕ್ಕಾ. ನೀರು ಬಿದ್ರೆ ಬೆಳಗಾಗೋದ್ರೊಳಗೆ ತುಕ್ಕು ಬರುತ್ತೆ ಅಂತ ನೀನೇ ಹೇಳ್ತಿದ್ದೆಯಲ್ಲ."

ಹೇಳಿದ್ದೆ, ನಿಜ. ಆದರೆ ಆ ತುಕ್ಕು ತೆಳ್ಳಗೆ, ಕಿತ್ತಳೆ ಬಣ್ಣಕ್ಕಿರುತ್ತದೆ. ಬೆರಳಿಂದ ಒರೆಸಿದರೆ ಹೋಗುತ್ತದೆ. ಇದು ಉಗುರಿಗೆ ಹಕ್ಕಳೆಯಾಗಿ ಸಿಕ್ಕಿತು. ನನಗೆ ಗೊತ್ತಾಯಿತು, ಗೊತ್ತಾಗಬಾರದಿತ್ತು ಎಂದೂ ಅನಿಸಿತು. ಅನುಮಾನವನ್ನು ನುಂಗಿಕೊಂಡು ಅವನಿಗೆ ಪಾಠ ಹೇಳಿದೆ: ತೊಳೆದ ಮೇಲೆ ಒಂದು ಸುತ್ತು ಓಡಿಸು, ನಾಲ್ಕು ಸಲ ಬ್ರೇಕ್ ಒತ್ತು, ಬಿಸಿಗೆ ನೀರು ಆರುತ್ತದೆ. ಚಕ್ರದ ಸಂದಿಯಲ್ಲಿ ಕೆಂಪು ಕಾಣುವುದು ಬೇಡವೆಂದರೆ ಡಿಸ್ಕಿನ ನಡುವಿನ ಟೋಪಿಗೂ ಅಂಚಿಗೂ ಬಿಸಿ ತಡೆಯುವ ಬಣ್ಣ ಹೊಡೆ. ಪ್ಯಾಡು ಹಿಡಿಯುವ ಮುಖಕ್ಕೆ ಮಾತ್ರ ಏನನ್ನೂ ಸೋಕಿಸಬೇಡ.

ಅವನು ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಕೆಲವು ವಾರ ಕಳೆದು ಮತ್ತೊಂದು ಸೋಮವಾರ ಅವನೇ ಗೋಡೆಯಾಚೆಯಿಂದ ಕೂಗಿದ. "ಅಕ್ಕಾ, ಬಾ ಇಲ್ಲಿ. ನಿನ್ನ ತುಕ್ಕು ಎಲ್ಲೋಯ್ತು ನೋಡು!"

ಹೋಗಿ ನೋಡಿದೆ. ನಾಲ್ಕೂ ಡಿಸ್ಕುಗಳಿಗೆ ಬೆಳ್ಳಿ ಬಣ್ಣ. ಟೋಪಿ, ಅಂಚು, ಮುಖ, ಎಲ್ಲಕ್ಕೂ. ಚಕ್ರ ಬಿಚ್ಚುವ ಗೋಜಿಗೂ ಹೋಗದೆ ಸಂದಿಯಿಂದಲೇ ಸ್ಪ್ರೇ ಹೊಡೆದಿದ್ದ. ಕಣ್ಣಿಗೆ ಕಂಡದ್ದಕ್ಕೆಲ್ಲ ಬಣ್ಣ ಬಳಿಯುವುದು ಅವನ ಕೈಗೆ ಅಂಟಿದ ಚಟ.

"ಯಾವಾಗ ಹೊಡೆದೆ?"

"ಶುಕ್ರವಾರ. ಹೆಂಗಿದೆ?"

"ನಿನ್ನೆ ಅಮ್ಮನ ಹತ್ರ ಹೋಗಿದ್ಯಾ?"

"ಹೋಗ್ದೆ ಇರ್ತೀನಾ?"

"ಇದೇ ಗಾಡೀಲಿ?"

"ಇನ್ಯಾವ ಗಾಡಿ ಇದೆ ನನ್ನ ಹತ್ರ?"

ನಾನು ಕುಕ್ಕರುಗಾಲಲ್ಲಿ ಕೂತೆ. ಒಂದೊಂದೇ ಚಕ್ರಕ್ಕೆ ಟಾರ್ಚ್ ಬಿಟ್ಟೆ. ಬೆಟ್ಟದ ರಸ್ತೆಯಲ್ಲಿ ತಿರುವಿಗೊಮ್ಮೆ ಬ್ರೇಕ್ ಒತ್ತಲೇಬೇಕು. ಮೊದಲ ತಿರುವಿನಲ್ಲೇ ಪ್ಯಾಡು ಈ ಬಣ್ಣವನ್ನು ಕೆರೆದು ಹಾಕಬೇಕಿತ್ತು. ಇಲ್ಲಿ ಕೂದಲೆಳೆಯಷ್ಟೂ ಗೀರಿಲ್ಲ.

"ಬ್ರೇಕ್ ಒತ್ತದೆ ಬೆಟ್ಟ ಹತ್ತಿ ಇಳಿದ್ಯಾ? ರೆಕ್ಕೆ ಕಟ್ಕೊಂಡಿದ್ಯಾ? ಒಂದ್ಸಲ ಒತ್ತಿದ್ರೂ ಈ ಬಣ್ಣ ಇರ್ತಿರಲಿಲ್ಲ ಕಣೋ. ಈ ಕಾರು ಅಂಗಡಿ ಬಿಟ್ಟು ಆಚೆ ಹೋಗೇ ಇಲ್ಲ. ನನ್ನ ಕಿವಿ ಮೇಲೆ ಹೂ ಇಡ್ತೀಯಾ?"

ಅವನ ಮುಖ ಬಿಳಿಚಿಕೊಂಡಿತು. ಆದರೂ ಸೋಲಲಿಲ್ಲ. "ನಿಂಗೆ ತಮ್ಮನಿಗಿಂತ ತುಕ್ಕಿನ ಮೇಲೇ ನಂಬಿಕೆ. ಬೇಕಾದ್ರೆ ಅಮ್ಮನ್ನೇ ಕೇಳು."

ನಾನು ಅಲ್ಲೇ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅತ್ತ ರಿಂಗ್ ಆಗುತ್ತಿದ್ದಷ್ಟು ಹೊತ್ತೂ ಅವನು ಕೈಯಲ್ಲಿದ್ದ ಪಾಲಿಶ್ ಬಟ್ಟೆಯನ್ನು ಹಿಂಡುತ್ತಿದ್ದ.

"ಅಮ್ಮಾ, ನಿನ್ನೆ ತಮ್ಮ ಬಂದಿದ್ನಾ?"

ಅಮ್ಮ ಒಂದು ಗಳಿಗೆಯೂ ತಡೆಯಲಿಲ್ಲ. "ಬಂದಿದ್ದ ಕಣೇ. ನೀಲಿ ಶರ್ಟು ಹಾಕ್ಕೊಂಡಿದ್ದ. ಕಿತ್ತಳೆ ಹಣ್ಣು ತಂದು, ತಾನೇ ಸುಲಿದು, ಬೀಜ ತೆಗೆದು ಕೊಟ್ಟ. ಹೋಗೋಕೆ ಮನಸ್ಸೇ ಇರಲಿಲ್ಲ ಪಾಪ ಅವನಿಗೆ. ಯಾಕೆ, ಏನಾಯ್ತು?"

"ಏನಿಲ್ಲಮ್ಮ," ಎಂದು ಫೋನ್ ಇಟ್ಟೆ.

ತಮ್ಮನ ಬಾಯಿ ಅರ್ಧ ತೆರೆದಿತ್ತು. ಅಮ್ಮ ತನಗಾಗಿ ಸುಳ್ಳು ಹೇಳುತ್ತಾಳೆಂದು ಅವನಿಗೂ ಅವತ್ತೇ ಗೊತ್ತಾದದ್ದು. ಈಗ ಕಣ್ಣಲ್ಲಿ ನೀರು ಬರುತ್ತದೆ, ಈಗ ತಲೆ ತಗ್ಗಿಸುತ್ತಾನೆ ಎಂದು ನಾನು ಕಾದೆ. ಅವನ ತುಟಿ ನಿಧಾನವಾಗಿ ಅರಳಿತು.

"ಕೇಳಿಸ್ತಲ್ಲ?" ಎಂದ.

ಅಷ್ಟು ಅಸಹ್ಯ ನನಗೆ ಯಾರ ಮೇಲೂ ಹುಟ್ಟಿದ್ದಿಲ್ಲ. ಡಿಸ್ಕಿನ ಮುಖಕ್ಕೆ ಬಣ್ಣ ಬಿದ್ದರೆ ಬ್ರೇಕು ಹಿಡಿಯುವುದಿಲ್ಲ, ಕೀ ಕೊಡು ಎಂದೆ. ಜೇಬಿನಿಂದ ತೆಗೆದು ಕೊಟ್ಟ. ಅದರಿಂದ ಅವನಿಗೆ ಆಗಬೇಕಾದದ್ದಾದರೂ ಏನಿತ್ತು?

ಚಕ್ರ ಬಿಚ್ಚಿ ಥಿನ್ನರ್ ಹಾಕಿ ಉಜ್ಜಿದೆ. ಬಣ್ಣದ ಅಡಿಯಲ್ಲಿ ಹಳೇ ತುಕ್ಕು ಹಾಗೇ ಇತ್ತು. ಪ್ಯಾಡು ಕಚ್ಚಿಕೊಂಡು ನಿಂತ ಜಾಗದಲ್ಲಿ ಅದರ ಆಕಾರವೇ ಅಚ್ಚಾಗಿ ಕೂತಿತ್ತು. ತಿಂಗಳುಗಟ್ಟಲೆ ಒಂದೇ ಕಡೆ ನಿಲ್ಲದೆ ಆ ಅಚ್ಚು ಬೀಳುವುದಿಲ್ಲ. ಅಷ್ಟೂ ಭಾನುವಾರ ಅಮ್ಮ ಗೇಟು ನೋಡುತ್ತಾ ಕೂತಿದ್ದಳು. ರಟ್ಟೆ ಸೋಲುವವರೆಗೆ ಸ್ಯಾಂಡ್‌ಪೇಪರ್ ತಿಕ್ಕಿದೆ, ಪ್ಯಾಡು ಬದಲಾಯಿಸಿದೆ.

ಭಾನುವಾರ ಗ್ಯಾರೇಜಿನ ಬಾಗಿಲು ಎಳೆದು, ಹಿಂದಿನ ಸೀಟಿನಲ್ಲಿ ಎರಡು ದಿಂಬು ಹಾಕಿಕೊಂಡು ಹೊರಟೆ. ಇವತ್ತೇ ಅಮ್ಮನನ್ನು ನನ್ನ ಮನೆಗೆ ಕರೆತರುವುದೆಂದು ತೀರ್ಮಾನಿಸಿದ್ದೆ. ತಿರುವು ತಿರುವಿಗೂ ಬ್ರೇಕ್ ಒತ್ತುತ್ತಾ, ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತಾ ಬೆಟ್ಟ ಹತ್ತಿದೆ.

ಗೇಟಿನೊಳಗೆ ಕಾರು ತಿರುಗಿದ್ದೇ ತಡ, ಕಿಟಕಿಯಲ್ಲಿ ಅಮ್ಮ ಕಂಡಳು. ತಲೆ ಬಾಚಿಕೊಂಡು ಒಳ್ಳೆಯ ಬಟ್ಟೆ ಉಟ್ಟಿದ್ದಳು. ಅಪ್ಪನ ಕಾರನ್ನು ಕಂಡವಳೇ ಕುರ್ಚಿಯ ಕೈ ಹಿಡಿದು ಎದ್ದುನಿಂತಳು. ನರ್ಸು ಹಿಡಿದುಕೊಳ್ಳದೆ ನಿಲ್ಲಲಾರದವಳು ಒಬ್ಬಳೇ ನಿಂತು ಕೈ ಎತ್ತಿ ಬೀಸಿದಳು. ಆ ಮುಖವನ್ನು ಯಾವ ಬುಧವಾರವೂ ನಾನು ಕಂಡಿರಲಿಲ್ಲ. ನಾನು ಬಾಗಿಲು ತೆರೆದು ಇಳಿದೆ. ಎತ್ತಿದ ಕೈ ಕೆಳಗಿಳಿಯಿತು. ಅಮ್ಮ ಕೂತಳು.

ಕೋಣೆಯೊಳಗೆ ಅವಳ ಎದುರಿಗೆ ಇನ್ನೊಂದು ಕುರ್ಚಿ ಎಳೆದಿಟ್ಟಿತ್ತು. ನಡುವಿನ ಸ್ಟೂಲಿನ ಮೇಲೆ ಕಿತ್ತಳೆ ಹಣ್ಣು. ಸುಲಿದು, ಬೀಜ ತೆಗೆದು, ತೊಳೆಗಳನ್ನು ತಟ್ಟೆಯಲ್ಲಿ ಜೋಡಿಸಿತ್ತು.

"ಅವನು ಗಾಡಿ ನಿಲ್ಲಿಸ್ತಿದ್ದಾನಾ?" ಅಮ್ಮ ಬಾಗಿಲ ಕಡೆ ನೋಡಿದಳು.

"ಇಲ್ಲಮ್ಮ, ನಾನೊಬ್ಬಳೇ ಬಂದೆ. ನಂಗೆಲ್ಲ ಗೊತ್ತಾಗಿದೆ. ಅವನು ಬರ್ತಾ ಇಲ್ಲ. ನಡಿ, ನಮ್ಮನೆಗೆ ಹೋಗೋಣ."

ಅಮ್ಮ ಇಲ್ಲವೆನ್ನಲಿಲ್ಲ. ಸೆರಗಿನಿಂದ ಸ್ಟೂಲಿನ ಮೇಲಿನ ಹನಿಯೊಂದನ್ನು ಒರೆಸಿದಳು.

"ಗಾಡಿ ಈಗ ನಿನ್ನ ಹತ್ರ ಇದೆಯಾ?"

"ಹೂಂ."

"ವಾಪಸ್ ಕೊಟ್ಬಿಡು ಕಣೇ. ಇವತ್ತೇ ಕೊಟ್ಬಿಡು. ಗಾಡಿ ನೀನಿಟ್ಕೊಂಡ್ರೆ ಅವನು ಯಾವುದ್ರಲ್ಲಿ ಬರ್ತಾನೆ?"

"ಅಮ್ಮಾ..."

"ನಾನು ನಿನ್ನ ಮನೆಗೆ ಬಂದ್ಬಿಟ್ರೆ, ಪಾಪ, ಇಷ್ಟು ದೂರ ಬಂದು, ನಾನಿಲ್ಲದ್ದು ನೋಡಿ ವಾಪಸ್ ಹೋಗ್ಬೇಕಾಗುತ್ತೆ ಅವನು."

ಅವನಿಗಾಗಿ ಎಳೆದಿಟ್ಟ ಕುರ್ಚಿಯಲ್ಲಿ ಕೂತು, ಅವನಿಗಾಗಿ ಸುಲಿದಿಟ್ಟ ಹಣ್ಣು ತಿಂದೆ. ದಿಂಬುಗಳು ಹೋದ ಹಾಗೇ ವಾಪಸ್ ಬಂದವು.

ಸಂಜೆ ಅವನ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಕೀ ಕೊಟ್ಟೆ. ಅವನು ಸುತ್ತ ಒಂದು ಸಲ ಬಂದು, ಚಕ್ರದ ಹತ್ತಿರ ಬಗ್ಗಿದ. ಬೆಟ್ಟ ಹತ್ತಿ ಇಳಿದ ಡಿಸ್ಕುಗಳು ಕನ್ನಡಿಯಂತಾಗಿದ್ದವು.

"ಎಷ್ಟು ಚೆನ್ನಾಗಿ ಹೊಳೀತಿದೆ ಅಕ್ಕಾ," ಎಂದ. "ಯಾವ ಪೇಂಟು ಇದು?"