ಹದಿನಾರು ಸೊನ್ನೆ

"ಅಸು ಬೆದೆಗೇ ಬಂದಿಲ್ಲ ಗೌಡ್ರೇ, ಯಾವ ಸೂಜಿ ಹಾಕ್ಲಿ?" ಎಂದ ಪುಟ್ಟರಾಜು, ಕೈಗವಸು ಕಳಚುತ್ತಾ. ಕೊತ್ತತ್ತಿಯ ಸುತ್ತಮುತ್ತ ಹಸುಗಳಿಗೆ ಗಬ್ಬ ಕಟ್ಟಿಸುವ ಸೂಜಿ ಹಾಕುವವನು ಅವನೇ.

ಚಲುವರಾಜು ಅಷ್ಟು ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. ಅಡುಗೆಮನೆಗೆ ನುಗ್ಗಿ ಗೋಡೆಯ ಕ್ಯಾಲೆಂಡರನ್ನೇ ಕಿತ್ತು ತಂದ. ಹಸು ಈದ ಮೇಲೆ ಎರಡು ತಿಂಗಳು ಅವನು ಅತ್ತ ನೋಡಿರಲಿಲ್ಲ; ಬೆಳಿಗ್ಗೆ ಉಣ್ಣುತ್ತಾ ಅಮಾವಾಸ್ಯೆ ಯಾವತ್ತೆಂದು ನೋಡಹೋದಾಗ ಕಣ್ಣಿಗೆ ಬಿದ್ದಿದ್ದವು ಅದರ ಮೇಲಿನ ಸೊನ್ನೆಗಳು. "ನೋಡ್ಲಾ ಇಲ್ಲಿ, ಒಂದೇ ತಿಂಗ್ಳಲ್ಲಿ ಹದಿನಾರು ಸೊನ್ನೆ. ಇಪ್ಪತ್ತೊಂದು ದಿನಕ್ಕೆ ಬರ್ಬೇಕಾದ ಬೆದೆ ಹಿಂಗೆ ದಿನಾ ಬಂದ್ರೆ ಅಸು ಉಳೀತದಾ?"

ಆ ಮನೆಯ ರೂಢಿಯೇ ಹಾಗೆ. ಹಾಲು ಕರೆಯುವ ಅವನ ಹೆಂಡತಿ ಕುಸುಮ, ಹಸು ಬೆದೆಗೆ ಬಂದದ್ದು ಕಂಡ ದಿನ ತಾರೀಖಿನ ಮೇಲೊಂದು ಸೊನ್ನೆ ಸುತ್ತುತ್ತಾಳೆ. ಅದನ್ನು ನೋಡಿ ಇವನು ಪುಟ್ಟರಾಜುವಿಗೆ ಫೋನ್ ಮಾಡುತ್ತಾನೆ. ಹದಿನೆಂಟು ವರ್ಷದಿಂದ ಒಮ್ಮೆಯೂ ಲೆಕ್ಕ ತಪ್ಪಿರಲಿಲ್ಲ.

ಒಳಗೆ ಪಾತ್ರೆ ಉಜ್ಜುತ್ತಿದ್ದ ಕುಸುಮಳಿಗೆ ಎಲ್ಲವೂ ಕೇಳಿಸಿತು. ನಲವತ್ತೆಂಟರ ಹೆಂಗಸು, ಮುಟ್ಟು ನಿಲ್ಲುವ ಕಾಲ. ದಿನಾ ಏನೇನಾಗುತ್ತದೋ ಮೂರು ತಿಂಗಳು ಬರೆದು ತನ್ನಿ, ಆಮೇಲೆ ನೋಡೋಣ ಎಂದಿದ್ದರು ಮಂಡ್ಯದ ಡಾಕ್ಟರಮ್ಮ. ಮೈ ಕುದಿದು ಬೆವರು ಕಿತ್ತುಕೊಂಡ ದಿನಕ್ಕೆ ಸೊನ್ನೆ, ನಿದ್ದೆ ಬಾರದ ದಿನಕ್ಕೆ ಗೀಟು. ಬೇರೆ ಗುರುತು ಹುಡುಕುವ ತಾಳ್ಮೆ ಯಾರಿಗಿತ್ತು? ಕೈಗೆ ಬಂದದ್ದು ಸೊನ್ನೆಯೇ. ಬರೆಯುತ್ತಿದ್ದೀಯಾ ಎಂದು ಗಂಡ ಕೇಳಿದವನೂ ಅಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ, "ಅತ್ತಿಗಮ್ಮನಂಗೆ ನೀನೂ ಗರ್ಭಕೋಸ ತೆಗಿಸ್ಕಬುಡು, ರಗಳೇನೇ ಇರಕಿಲ್ಲ" ಎಂದು, ಅಣ್ಣನ ಮೂಲಕ ಸೋಮವಾರಕ್ಕೆ ಆಪರೇಷನ್ನು ಗೊತ್ತು ಮಾಡಿಬಿಟ್ಟಿದ್ದ. ಆ ಅತ್ತಿಗೆ ಹೊಂಬಾಳಮ್ಮ ತೆಗೆಸಿಕೊಂಡಂದಿನಿಂದ ಬಗ್ಗಿ ಒಂದು ಬಿಂದಿಗೆ ಎತ್ತಿದವಳಲ್ಲ. ತನಗೂ ಹಾಗಾದರೆ ಹಾಲು ಕರೆಯುವವರು ಯಾರು ಎಂಬುದೇ ಕುಸುಮಳ ಚಿಂತೆ. ಬೇಡ ಅನ್ನಲು ಮಾತ್ರ ಬಾಯಿ ಬಂದಿರಲಿಲ್ಲ.

ಕೈ ಒರೆಸಿಕೊಂಡು ಹೊರಗೆ ಬಂದಳು. "ಅವು ಅಸುದಲ್ಲ. ನಂದು."

"ಏನು ನಿಂದು?"

"ಸೊನ್ನೆಗೋಳು. ನಂಗೆ ಮೈ ಉರಿ ಬಂದ ದಿನ ಹಾಕಿರಾದು."

ಪರಗಂಡಸಿನ ಎದುರು ಇಂಥ ಮಾತು! ಚಲುವರಾಜನ ಮುಖ ಹುಳ್ಳಗಾಯಿತು. ಪುಟ್ಟರಾಜು ಮೆಲ್ಲಗೆ ಕೆಮ್ಮಿ, "ಅಕ್ಕ ಬರೆದಿಟ್ಟಿರಾದು ಒಳ್ಳೇದೇ ಆಯ್ತು ಬುಡಿ" ಎಂದು ಬೈಕಿನ ಕಡೆ ನಡೆದ.

ಅಷ್ಟು ದಿನದ ನಾಚಿಕೆ ಎಲ್ಲಿ ಹೋಯಿತೋ. "ಅಸುಗೆ ಅಂತ ತಿಳ್ಕಂಡು ಉಂಡ ಕೈ ತೊಳೀದೆ ಫೋನ್ ಮಾಡುದ್ರಿ" ಎಂದಳು ಕುಸುಮ. "ಅದೇ ನಂದಾದ್ರೆ ಕುಯ್ಸಿಬುಡಾದಾ? ಅಸುಗೆ ಹಿಂಗಾಗಿದ್ರೆ ಗರ್ಭಕೋಸ ತೆಗಿಲಾ ಅಂತಿದ್ರಾ ಪುಟ್ಟರಾಜೂಗೆ? ನಾನು ಸೋಮವಾರ ಬರಕಿಲ್ಲ."

ಚಲುವರಾಜು ಜಗಲಿಯ ಮೇಲೆ ಕೂತು, ಕ್ಯಾಲೆಂಡರನ್ನು ತೊಡೆಯ ಮೇಲೆ ಹರಡಿಕೊಂಡು, ಹಿಂದಿನ ಹಾಳೆಯನ್ನೂ ಮಗುಚಿ ನೋಡಿದ. ಆಮೇಲೆ ಅಣ್ಣನಿಗೆ ಫೋನ್ ಹಚ್ಚಿದ. "ಸೋಮವಾರದ್ದು ಬ್ಯಾಡ ಅಂತ ಏಳ್ಬುಡಣ್ಣ. ಇನ್ನೊಂದು ತಿಂಗ್ಳು ಬರ್ಯಾದದೆ, ಡಾಕ್ಟ್ರಮ್ಮ ಏಳವ್ರೆ. ಊಂ, ನಾನೇ ಕರ್ಕೊಂಡು ಓಯ್ತೀನಿ."

ಕುಸುಮ ಒಳಗೆ ಹೋಗಲು ತಿರುಗಿದಳು.

"ಈ ಗೀಟು ನಿದ್ದೆ ಬರ್ದಿದ್ದಕ್ಕಾ?" ತಲೆಯೆತ್ತದೆ ಕೇಳಿದ.

"ಊಂ."

"ಹಂಗಾರೆ ಸರ್ಯಾಗಿ ಬರ್ದಿಲ್ಲ ಕಣೇ ನೀನು." ಜೇಬಿನ ಪೆನ್ನು ತೆಗೆದು ಎರಡು ಖಾಲಿ ಮನೆಗಳಿಗೆ ಗೀಟು ಎಳೆದ. "ಮೊನ್ನೆ ಸುಕ್ರವಾರಾನೂ ನೀನು ಮಲಗ್ನಿಲ್ಲ. ಅದಕ್ಕೆ ಮುಂಚೆ ಮಂಗ್ಳವಾರಾನೂ. ನಂಗೆ ಎಚ್ಚರ ಇತ್ತು."

ಕುಸುಮ ಸೆರಗಿನಲ್ಲಿ ಕತ್ತು ಒರೆಸಿಕೊಳ್ಳುತ್ತಾ ಅವನ ಪಕ್ಕಕ್ಕೆ ಬಂದು ಕೂತಳು. ಮಂಗಳವಾರದ ಗೀಟಿನ ಮಸಿ ಇನ್ನೂ ಆರಿರಲಿಲ್ಲ.