ಹಿಡ್ಕೋ ಅಂದವಳು

ಆ ಪದ ಹುಟ್ಟಿದ್ದು ಆಸ್ಪತ್ರೆಯ ಲಾಂಡ್ರಿಯಲ್ಲಿ. ಆಮೇಲೆ ಎಷ್ಟೋ ಜನ ಎಷ್ಟೋ ಕಥೆ ಕಟ್ಟಿದ್ದಾರೆ, ಅದಕ್ಕೇ ಮೊದಲು ಇದನ್ನು ಹೇಳಿಬಿಡುತ್ತಿದ್ದೇನೆ.

ನಾನೂ ನನ್ನ ಅತ್ತಿಗೆಯೂ ಅಲ್ಲಿ ಬೆಡ್‌ಶೀಟು ಮಡಚುವವರು. ಯಂತ್ರದಿಂದ ಬಿಸಿಬಿಸಿಯಾಗಿ ಬಂದ ಬೆಡ್‌ಶೀಟನ್ನು ಅವರು ಆ ತುದಿ, ನಾನು ಈ ತುದಿ ಹಿಡಿದು ಒಮ್ಮೆ ಜಾಡಿಸುತ್ತೇವೆ. ಒಳಗೆ ಗಾಳಿ ತುಂಬಿ ಬಟ್ಟೆ ಹೊಟ್ಟೆ ಉಬ್ಬಿಸಿಕೊಂಡು ಮೇಲೇಳುತ್ತದೆ. ಅದು ಇಳಿಯುವ ಮುಂಚೆ ನನ್ನ ಕೈಯಲ್ಲಿರುವ ಮೂಲೆಗಳನ್ನು ಅವರತ್ತ ಎಸೆಯಬೇಕು, ಅವರು ಗಾಳಿಯಲ್ಲೇ ಹಿಡಿಯಬೇಕು. ನಡೆದುಹೋಗಿ ಕೈಗೆ ಕೊಡುತ್ತ ಕೂತರೆ ಪಕ್ಕದ ರಾಶಿ ಸೂರು ಮುಟ್ಟುತ್ತದೆ. ಎಸೆಯುವಾಗ "ಹಿಡ್ಕೋ" ಎಂದರೆ ತಡವಾಯಿತೆಂದೇ ಲೆಕ್ಕ. ಕೈ ಇನ್ನೂ ಹಿಂದಕ್ಕೆ ಹೋಗುತ್ತಿರುವಾಗಲೇ ಹೇಳಬೇಕು. ಹಾಗಾದರೆ ಮಾತ್ರ ಎದುರಿನವರ ಕೈ ಹೊತ್ತಿಗೆ ಸರಿಯಾಗಿ ಏಳುತ್ತದೆ. ತಪ್ಪಿ ನೆಲಕ್ಕೆ ಬಿದ್ದರೆ ಆ ಬೆಡ್‌ಶೀಟು ಮತ್ತೆ ಒಗೆಯಲು ಹೋಗಬೇಕು.

ಅತ್ತಿಗೆಗೆ ನಾನು ಬಹುವಚನ ಕೊಡುವವಳು. ಸೇರಿದ ಹೊಸತರಲ್ಲಿ "ಹಿಡ್ಕೊಳ್ಳಿ ಅತ್ತಿಗೆ" ಎನ್ನುವಷ್ಟರಲ್ಲಿ ಬಟ್ಟೆ ನೆಲ ಸೇರಿರುತ್ತಿತ್ತು. "ಮರ್ಯಾದೆ ಮನೇಲಿ ಕೊಡು, ಇಲ್ಲಿ ಬೆಡ್‌ಶೀಟ್ ಕೊಡು" ಎಂದರು ಅತ್ತಿಗೆ. ಅಂದಿನಿಂದ ಲಾಂಡ್ರಿಯಲ್ಲಿ ಅವರು ನನಗೆ ಏಕವಚನ.

ಸಂಜೆ ನಾನು ಸ್ಟುಡಿಯೋಗೆ ಟ್ರ್ಯಾಕ್ ಹಾಡಲು ಹೋಗುತ್ತಿದ್ದೆ. ಸಂಗೀತ ಕಲಿತದ್ದೂ ಸಂಜೆ ತರಗತಿಯಲ್ಲೇ, ಹಾಗಾಗಿ ಕಲಿತದ್ದು ಸಾಲದು ಎಂಬ ಅಳುಕು ಯಾವಾಗಲೂ ಇತ್ತು. ದೊಡ್ಡ ಗಾಯಕರು ಬರುವ ಮೊದಲು ಹಾಡನ್ನು ಪೂರ್ತಿ ಹಾಡಿ ಇಡುವುದು ಟ್ರ್ಯಾಕ್ ಹಾಡುವವರ ಕೆಲಸ. ಅವರು ಹೆಡ್‌ಫೋನಿನಲ್ಲಿ ನಮ್ಮ ದನಿ ಕೇಳುತ್ತ ಅದೇ ದಾರಿಯಲ್ಲಿ ಹಾಡುತ್ತಾರೆ. ಆಮೇಲೆ ನಮ್ಮದನ್ನು ಅಳಿಸುತ್ತಾರೆ. ಗೋಡೆಗೆ ಬಣ್ಣ ಬಳಿಯುವ ಮೊದಲು ಸುಣ್ಣ ಹೊಡೆಯುತ್ತಾರಲ್ಲ, ನಾವು ಆ ಸುಣ್ಣ. ಇದರಲ್ಲಿ ನನಗೇನೂ ದೂರಿರಲಿಲ್ಲ.

ಈ ಪದ ಸೇರಿಕೊಂಡ ಹಾಡಿನಲ್ಲಿ ಒಂದು ಕಂಟಕವಿತ್ತು. ಚರಣ ಮುಗಿದ ಕೂಡಲೇ ಡ್ರಮ್ಮು, ಗಿಟಾರು ಎಲ್ಲ ಒಟ್ಟಿಗೆ ಬಾಯಿ ಮುಚ್ಚುತ್ತಿದ್ದವು. ಆ ಮೌನದ ಕೊನೆಯಲ್ಲಿ, ಪೆಟ್ಟು ಬೀಳುವುದಕ್ಕೆ ಅರ್ಧ ಬೀಟ್ ಮೊದಲೇ, ಪಲ್ಲವಿ ಎತ್ತಿಕೊಳ್ಳಬೇಕು. ಇಂಥ ಕಡೆ ಟ್ರ್ಯಾಕ್ ಹಾಡುವವರು ಮುಂದೆ ಹಾಡುವವರಿಗೆ ಒಂದು ಸುಳಿವು ಬಿಡುತ್ತಾರೆ. ಬೇರೆಯವರು "ಒನ್, ಟೂ" ಎಂದು ಎಣಿಸುತ್ತಾರೆ. ನನಗೋ, ಎಣಿಸಿದರೆ ಎಣಿಸಿದ್ದು ಸರಿಯೇ ಎಂಬ ಅನುಮಾನ ಶುರುವಾಗುತ್ತದೆ. ಮನೆಗೆ ಬೀಗ ಹಾಕಿದ ಮೇಲೆ ಮತ್ತೆ ಮತ್ತೆ ಎಳೆದು ನೋಡುವವಳು ನಾನು.

ಅಂದು ಪಲ್ಲವಿ ಹಿಡಿಯಲು ತಪ್ಪಿದೆ, ಮತ್ತೆ ತಪ್ಪಿದೆ. ರಾಗ ಹಾಕಿದವರು, ಎಲ್ಲರೂ ಮಾಸ್ಟರ್ ಎನ್ನುವವರು, ಗಾಜಿನ ಆಚೆಯಿಂದ ಮೈಕಿನಲ್ಲಿ ಹೇಳಿದರು: "ಏನಮ್ಮ, ಬಸ್ ಸ್ಟಾಪಲ್ಲಿ ನಿಂತಿದ್ದೀಯಾ? ಬಂದಾಗ ಹತ್ಬೇಕು, ಹೋದ್ಮೇಲೆ ಕೈ ತೋರಿಸೋದಲ್ಲ."

ಕಣ್ಣು ಮುಚ್ಚಿಕೊಂಡೆ. ವಾದ್ಯಗಳು ನಿಂತಾಗ ಬೆಡ್‌ಶೀಟು ಉಬ್ಬಿ ಮೇಲೆದ್ದಂತೆ ಕಂಡಿತು. ಕೈ ತಾನಾಗಿಯೇ ಹಿಂದಕ್ಕೆ ಹೋಯಿತು. "ಹಿಡ್ಕೋ!" ಎಂದೆ. ಪಲ್ಲವಿ ಹೊಂದಿಸಿಟ್ಟಂತೆ ಬಂದು ಕೂತಿತು.

ಕೆಲವು ದಿನ ಬಿಟ್ಟು ಹಾಡಬೇಕಾದ ಗಾಯಕಿ ಬಂದರು. ದೊಡ್ಡ ಹೆಸರು, ಸ್ಟುಡಿಯೋದಲ್ಲಿ ಅವರಿಗೆ ಮೇಡಂ ಎಂದಷ್ಟೇ ಹೆಸರು. ಏನಾದರೂ ಬದಲಾಯಿಸಬೇಕಾದರೆ ಇರಲಿ ಎಂದು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದ್ದರು. ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದ ಮೇಡಂ ತಟ್ಟನೆ ಹುಬ್ಬೇರಿಸಿದರು.

"ಯಾರಿದು ನಂಗೆ ಏಕವಚನದಲ್ಲಿ ಆರ್ಡರ್ ಮಾಡ್ತಿರೋದು?"

"ಟ್ರ್ಯಾಕ್ ಹುಡುಗಿ ಮೇಡಂ, ಈಗ್ಲೇ ತೆಗೆಸ್ತೀನಿ" ಎಂದರು ಮಾಸ್ಟರ್.

ಮೇಡಂ ನನ್ನತ್ತ ತಿರುಗಿ ನಕ್ಕರು. "ಇರ್ಲಿ ಬಿಡಿ. ಅವಳು ಅನ್ನದಿದ್ರೆ ನಂಗೆ ಜಾಗ ಸಿಗಲ್ಲ."

ನ್ಯಾಯವಾಗಿ ಹೇಳಬೇಕು: ಅವರು ಚೆನ್ನಾಗಿಯೇ ಹಾಡಿದರು. ನನ್ನಿಂದ ಆ ಹಾಡನ್ನು ಹಾಗೆ ಹಾಡಲು ಆಗುತ್ತಿರಲಿಲ್ಲ.

ಆಮೇಲೆ ನಡೆದದ್ದು ಸ್ಟುಡಿಯೋದವರು ಮಾತ್ರ ಮಾಡಬಲ್ಲ ತಪ್ಪು. ಸೌಂಡ್ ಎಂಜಿನಿಯರ್ ಮೇಡಂ ಹಾಡಿದ ಜಾಗದಲ್ಲೆಲ್ಲ ನನ್ನ ದನಿಯನ್ನು ಅಳಿಸಿದ. ಆ ಮೌನದಲ್ಲಿ ಅವರು ಹಾಡಿರಲಿಲ್ಲವಲ್ಲ, ಅಲ್ಲಿ ಕತ್ತರಿ ಆಡಲಿಲ್ಲ. ಮಾಸ್ಟರ್ ಕೇಳಿದರು, ಹಾಡು ಹೊರತರುವ ಆಡಿಯೋ ಕಂಪನಿಯವರು ಕೇಳಿದರು. ಯಾರ ಕಿವಿಗೂ ಬೀಳಲಿಲ್ಲ. ವರ್ಷಾನುಗಟ್ಟಲೆ ಇಂಥ ಸುಳಿವುಗಳನ್ನು ಕೇಳಿ ಕೇಳಿ ಅವರ ಕಿವಿ ಅದನ್ನು ದಾಟಿಕೊಂಡು ಹೋಗುವುದನ್ನು ಕಲಿತುಬಿಟ್ಟಿತ್ತು, ಮನೆಯ ಗಡಿಯಾರದ ಸದ್ದು ನಮಗೆ ಕೇಳಿಸದ ಹಾಗೆ. ಹಾಡು ಹಾಗೆಯೇ ಹೊರಗೆ ಹೋಯಿತು.

ಮೊದಮೊದಲು ಯಾರೂ ಮೂಸಿ ನೋಡಲಿಲ್ಲ. ಆಮೇಲೆ ಗಾರೆ ಕೆಲಸದವನೊಬ್ಬ, ತಾನು ನೆಲದಿಂದ ಮೇಲಿನ ಮಹಡಿಗೆ ಇಟ್ಟಿಗೆ ಎಸೆಯುವ ವಿಡಿಯೋಗೆ ಈ ಹಾಡು ಜೋಡಿಸಿದ. "ಹಿಡ್ಕೋ!" ಎಂದಾಗ ಇಟ್ಟಿಗೆ ಮೇಲೇರುತ್ತದೆ, ಪಲ್ಲವಿ ಶುರುವಾಗುವಾಗ ಮೇಲಿನವನ ಅಂಗೈಯಲ್ಲಿರುತ್ತದೆ. ಅಷ್ಟೇ ಸಾಕಾಯಿತು. ಬಸ್ಸಿನ ಡ್ರೈವರು ಬ್ರೇಕ್ ಹಾಕುವ ಮುಂಚೆ ಹಿಡ್ಕೋ, ಅಂಗಡಿಯವನು ಸೋಪು ಎಸೆಯುವಾಗ ಹಿಡ್ಕೋ, ತೊಟ್ಟಿಲ ಕೂಸಿಗೆ ಗಿಲಕಿ ಕೊಡುವಾಗ ಹಿಡ್ಕೋ. ಆಸ್ಪತ್ರೆಯಲ್ಲಿ ಮೇಲಿನ ವಾರ್ಡಿನವರು ಮೈಲಿಗೆ ಬಟ್ಟೆಯ ಗಂಟನ್ನು ಲಾಂಡ್ರಿಗೆ ಇಳಿಯುವ ಕೊಳವೆಯೊಳಗೆ ತಳ್ಳುವಾಗಲೂ ಅದನ್ನೇ ಕೂಗುತ್ತಿದ್ದರು. ನನ್ನದೇ ಮಾತು ದಿನವಿಡೀ ನನ್ನ ತಲೆಯ ಮೇಲೆ ಗಂಟುಗಂಟಾಗಿ ಬೀಳುತ್ತಿತ್ತು.

ಅದು ನನ್ನ ದನಿ ಎಂದು ಲಾಂಡ್ರಿಯ ಹೆಂಗಸರಿಗೆ ಮೊದಲ ಸಲ ಕೇಳಿದಾಗಲೇ ಗೊತ್ತಾಗಿತ್ತು. ಹೀಗಿರುವಾಗ ಒಂದು ಮಧ್ಯಾಹ್ನ ರೇಡಿಯೋದಲ್ಲಿ ಮೇಡಂ ಮಾತಾಡಿದರು. ಆ ಪದ ಹೇಗೆ ಹೊಳೆಯಿತು ಎಂದು ಕೇಳಿದ್ದಕ್ಕೆ, "ಹಾಡ್ತಾ ಹಾಡ್ತಾ ಮೈಮರೆತಿದ್ದೆ, ತಾನಾಗೇ ಬಂದ್ಬಿಡ್ತು" ಎಂದರು.

ಅತ್ತಿಗೆ ಕೈಯಲ್ಲಿದ್ದ ದಿಂಬಿನ ಕವರನ್ನು ರೇಡಿಯೋದ ಮೇಲೆ ಎಸೆದರು. "ತಾನಾಗೇ ಬಂತಂತೆ! ಬಿಕ್ಕಳಿಕೆ ಬಂದ ಹಾಗೆ! ಏ ಪುಕ್ಕಲಿ, ಕೇಳ್ತಾ ಇದ್ದೀಯ ತಾನೆ?"

ಪುಕ್ಕಲಿ ಎನ್ನುವುದು ಅವರು ನನಗಿಟ್ಟ ಹೆಸರು. "ಒಂದೇ ಒಂದು ಪದ ಅತ್ತಿಗೆ. ಅದಕ್ಯಾಕೆ ಇಷ್ಟು" ಎಂದೆ.

"ಮೂಗುತಿನೂ ಒಂದೇ ಒಂದು. ಕದ್ದೋರನ್ನ ಬಿಟ್ಬಿಡ್ತೀಯಾ?"

ನಾನು ಯಾರಿಗೂ ಏನೂ ಹೇಳಿರಲಿಲ್ಲ. ಆದರೂ ಆ ಸಂಜೆಯೇ ಮಾಸ್ಟರ್ ಫೋನ್ ಬಂತು.

"ನೋಡಮ್ಮ, ಯಾರಾದ್ರೂ ಕೇಳ್ಬಹುದು, ದನಿ ನಿನ್ನ ಥರ ಇದೆ ಅಂತ. ಯಾರು ಕೇಳಿದ್ರೂ ನಾನಲ್ಲ ಅನ್ನು. ಕಂಪನಿಯೋರು ಖಡಾಖಂಡಿತವಾಗಿ ಹೇಳಿದ್ದಾರೆ. ಬಾಯಿ ಬಿಟ್ಟೆ ಅಂದ್ರೆ ನಮ್ಮಲ್ಲಿ ಮಾತ್ರ ಅಲ್ಲ, ಯಾವ ಸ್ಟುಡಿಯೋದಲ್ಲೂ ನಿನ್ನ ಕರೆಯಲ್ಲ. ಗೊತ್ತಾಯ್ತಾ?"

"ಆಗ್ಲಿ ಸಾರ್" ಎಂದೆ. ಯಾರು ಏನು ಹೇಳಿದರೂ ನನ್ನ ಬಾಯಿಂದ ಮೊದಲು ಬರುವ ಮಾತೇ ಅದು. ಸ್ಟುಡಿಯೋದ ಆ ಚಿಕ್ಕ ಕೋಣೆ, ಮೈಕಿನ ಮುಂದಿನ ಕರಿಯ ಬಲೆ, ಕೆಂಪು ದೀಪ ಹೊತ್ತಿದಾಗ ಇಡೀ ಲೋಕ ಸುಮ್ಮನಾಗುವುದು, ಇವನ್ನು ಬಿಟ್ಟು ಬದುಕುವುದು ಹೇಗೆಂದು ನನಗೆ ತಿಳಿದಿರಲಿಲ್ಲ. ಹಾಗಾಗಿ ಕೇಳಿದವರಿಗೆಲ್ಲ ನಾನಲ್ಲ ಎಂದೆ. ವಾರ್ಡಿನ ನರ್ಸಮ್ಮನಿಗೆ, ಪಕ್ಕದ ಮನೆಯವರಿಗೆ, ಹಳೆಯ ಸಂಗೀತದ ಮೇಷ್ಟರಿಗೂ.

ಒಂದು ದಿನ ಅಣ್ಣನ ಮಗಳು ಶಾಲೆಯಿಂದ ಅಳುತ್ತ ಬಂದಳು. "ಹಿಡ್ಕೋ ಅಂದಿದ್ದು ನಮ್ಮತ್ತೆ" ಎಂದು ತರಗತಿಯಲ್ಲಿ ಹೇಳಿದ್ದಳಂತೆ. ಎಲ್ಲರೂ ಸೇರಿ ಸುಳ್ಳುಬುರುಕಿ ಎಂದು ಕರೆದಿದ್ದರು. ಟೀಚರು, ಹಾಗೆಲ್ಲ ಬಡಾಯಿ ಕೊಚ್ಚಬಾರದು ಎಂದಿದ್ದರು.

"ಅತ್ತೆ, ನಾಳೆ ನೀನೇ ಬಂದು ಹೇಳು. ಅದು ನೀನೇ ತಾನೆ?"

ಕೂಸಿನ ಕೆನ್ನೆಯ ಮೇಲೆ ಕಣ್ಣೀರಿನ ಗೆರೆ ಇನ್ನೂ ಒಣಗಿರಲಿಲ್ಲ. ಅವಳು ನಾಳೆ ಯಾರಿಗೆ ಹೇಳುತ್ತಾಳೋ, ಅದು ಎಲ್ಲಿಗೆ ಮುಟ್ಟುತ್ತದೋ ಎಂದು ನನ್ನ ತಲೆ ಓಡುತ್ತಿತ್ತು. "ನಾನಲ್ಲ ಕಂದ" ಎಂದೆ. "ನನ್ನ ಥರ ದನಿ, ಅಷ್ಟೇ."

ಅವಳು ತನ್ನ ಕಿವಿಯನ್ನೊಮ್ಮೆ ಮುಟ್ಟಿ ನೋಡಿಕೊಂಡಳು, ತಪ್ಪು ಅದರದೇನೋ ಎಂಬಂತೆ. ಅಡುಗೆಮನೆಯಲ್ಲಿ ಅತ್ತಿಗೆ ಪಾತ್ರೆಯನ್ನು ಕುಕ್ಕಿದ ಸದ್ದು ಕೇಳಿತು. ಆ ದಿನ ಅವರು ನನ್ನನ್ನು ಪುಕ್ಕಲಿ ಎಂದೂ ಕರೆಯಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಹಾಡು ಗೆದ್ದ ಸಂತೋಷಕ್ಕೆ ಕಂಪನಿಯವರು ಬಸ್ ನಿಲ್ದಾಣದ ಹಿಂದಿನ ಮೈದಾನದಲ್ಲಿ ಭಾನುವಾರ ಮಧ್ಯಾಹ್ನ ಕಾರ್ಯಕ್ರಮ ಇಟ್ಟರು. ಪ್ರವೇಶಕ್ಕೆ ಯಾರ ತಡೆಯೂ ಇಲ್ಲ. ನಾನು ಬರುವುದಿಲ್ಲ ಎಂದೆ. "ನೀನು ಬರಬೇಡ, ನಿನ್ನ ಕಾಲು ಬಂದ್ರೆ ಸಾಕು" ಎಂದು ಅತ್ತಿಗೆ ಚಪ್ಪಲಿ ತಂದು ಮುಂದಿಟ್ಟರು. ಲಾಂಡ್ರಿಯ ಹೆಂಗಸರೆಲ್ಲ ಬಂದಿದ್ದರು. ಬಿಸಿಲಿಗೆ ಕಾದ ಪ್ಲಾಸ್ಟಿಕ್ ಕುರ್ಚಿಗಳ ಮಧ್ಯದ ಸಾಲಿನಲ್ಲಿ ಕೂತೆವು. ಅಣ್ಣನ ಮಗಳು ನನ್ನ ಪಕ್ಕ ಕೂರದೆ ಅಮ್ಮನ ಆಚೆ ಹೋಗಿ ಕೂತಳು.

ಕೊನೆಗೆ ಆ ಹಾಡು ಬಂತು. ವಾದ್ಯಗಳು ಗಪ್ಪನೆ ನಿಂತಾಗ ಮೇಡಂ ನಗುತ್ತ ಮೈಕನ್ನು ಜನರತ್ತ ಚಾಚಿದರು. ಇಡೀ ಮೈದಾನ "ಹಿಡ್ಕೋ!" ಎಂದು ಅರಚಿತು.

ತಡವಾಯಿತು. ಜನ ಕೂಗಿದ್ದು ಪೆಟ್ಟಿನ ಜೊತೆಗೆ. ಅದು ಅವರ ತಪ್ಪಲ್ಲ. ಖುಷಿಗೆ ಕೂಗುವವರು ಯಾವಾಗಲೂ ಪೆಟ್ಟಿನ ಜೊತೆಗೇ ಕೂಗುವುದು. ಆದರೆ ಅಷ್ಟು ಹೊತ್ತಿಗೆ ಮೇಡಂಗೆ ಜಾಗ ತಪ್ಪಿತ್ತು. ಪಲ್ಲವಿಯ ಮೊದಲ ಪದ ನುಂಗಿಹೋಯಿತು. ಗಿಟಾರಿನವನು ಅಡ್ಡಾದಿಡ್ಡಿ ಏನೋ ಬಾರಿಸಿ ತೇಪೆ ಹಾಕಿದ. ಹೆಚ್ಚು ಜನಕ್ಕೆ ಗೊತ್ತಾಗಲಿಲ್ಲ. ನನಗೆ ಮಾತ್ರ ಒಗೆದು ಒಣಗಿಸಿದ ಬೆಡ್‌ಶೀಟು ಕಣ್ಣೆದುರೇ ಮಣ್ಣಿಗೆ ಬಿದ್ದಂತಾಯಿತು.

ಎರಡನೆಯ ಚರಣ ಮುಗಿಯುತ್ತ ಬಂತು. ವಾದ್ಯಗಳು ನಿಂತವು. ನನ್ನ ಕೈ ಹಿಂದಕ್ಕೆ ಹೋಯಿತು.

"ಹಿಡ್ಕೋ!"

ಜನ ಬಾಯಿ ತೆರೆಯುವ ಮೊದಲೇ ನನ್ನ ಕೂಗು ಒಂಟಿಯಾಗಿ ಮೈದಾನ ದಾಟಿತು. ವೇದಿಕೆಯ ಮೇಲೆ ಮೇಡಂ ತಲೆ ಚಕ್ಕನೆ ಎದ್ದಿತು, ಪಲ್ಲವಿ ಅವರ ಬಾಯಿಗೆ ಸರಿಯಾಗಿ ಬಂದು ಬಿತ್ತು. ಮುಂದಿನ ಸಾಲಿನವರು ಹಿಂತಿರುಗಿದರು. "ಅದೇ ದನಿ ಕಣೋ!" ಎಂದ ಒಬ್ಬ. "ರೆಕಾರ್ಡ್ ಹಾಕಿದ್ರಾ?" "ಇಲ್ಲ, ಇಲ್ಲೇ, ಈ ಅಕ್ಕ!"

ವೇದಿಕೆಯ ಪಕ್ಕದಲ್ಲಿ ಮಾಸ್ಟರ್ ನಿಂತಿದ್ದರು. ನನ್ನನ್ನು ಕಂಡರು. ಬೆರಳೆತ್ತಿ, ಬೇಡ ಎಂಬಂತೆ ಅಲ್ಲಾಡಿಸಿದರು. ಮೊದಲನೆಯದು ಬಾಯಿ ತಪ್ಪಿ ಬಂತು ಎನ್ನಬಹುದಿತ್ತು. ಇನ್ನೊಂದು ಸಲ ಕೂಗಿದರೆ ಹಾಗೆನ್ನಲು ಆಗುವುದಿಲ್ಲ. ಅತ್ತಿಗೆಯ ಆಚೆಯಿಂದ ಒಂದು ಪುಟ್ಟ ಮುಖ ಬಾಗಿ ನನ್ನನ್ನೇ ನೋಡುತ್ತಿತ್ತು.

ಚಪ್ಪಲಿ ಬಿಟ್ಟು ಕುರ್ಚಿಯ ಮೇಲೆ ಹತ್ತಿದೆ. ಅದು ಅಲ್ಲಾಡಿತು. ಅತ್ತಿಗೆ ಕುರ್ಚಿಯ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಕೊನೆಯ ಸಲ ವಾದ್ಯಗಳು ನಿಂತಾಗ ಅಕ್ಕಪಕ್ಕದವರು ಕೂಗಲಿಲ್ಲ. "ಶ್, ಶ್" ಎಂಬುದು ಸಾಲಿಂದ ಸಾಲಿಗೆ ಹೋಯಿತು. ನಾನು ಮಾಸ್ಟರ್ ಮುಖವನ್ನೇ ನೋಡುತ್ತ, ಉಸಿರು ತುಂಬಿಕೊಂಡು, ಅರ್ಧ ಬೀಟ್ ಮೊದಲು ಎಸೆದೆ. ಮೇಡಂ ಹಿಡಿದರು. ಅಂದಿನ ಪಲ್ಲವಿ ರೆಕಾರ್ಡಿಗಿಂತ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಹಾಡು ಮುಗಿದು ಚಪ್ಪಾಳೆ ಇಳಿಯುವಾಗ ಮೇಡಂ ಹಣೆಗೆ ಕೈ ಅಡ್ಡ ಹಿಡಿದು ನನ್ನತ್ತ ನೋಡಿದರು. ಅವರಿಗೆ ಗೊತ್ತಿತ್ತು. ಸ್ಟೂಲಿನ ಮೇಲೆ ಕೂತಿದ್ದ ನನ್ನನ್ನು ನೋಡಿ ನಕ್ಕವರು ಅವರೇ. ಆದರೂ ಮೈಕಿನಲ್ಲಿ ಕೇಳಿದರು: "ಯಾರಮ್ಮ ಅದು?"

ಬಾಯಿ ಮುಚ್ಚಿಸಲು ಕೇಳಿದರೋ, ಬಾಯಿ ಬಿಡಿಸಲು ಕೇಳಿದರೋ, ನನಗೆ ಇಂದಿಗೂ ಗೊತ್ತಿಲ್ಲ. ನಾನಲ್ಲ ಎಂಬ ಮಾತು, ರೂಢಿಯಾಗಿಹೋಗಿತ್ತಲ್ಲ, ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಿದೆ.

"ನಾನು" ಎಂದೆ. ಮೈಕಿಲ್ಲದ ದನಿ ಇಷ್ಟು ದೂರ ಹೋಗುತ್ತದೆಂದು ಎಣಿಸಿರಲಿಲ್ಲ. "ಟ್ರ್ಯಾಕ್ ಹಾಡಿದವಳು. ರೆಕಾರ್ಡಲ್ಲಿ ಹಿಡ್ಕೋ ಅಂದಿರೋದೂ ನಾನೇ."

ಲಾಂಡ್ರಿಯ ಸಾಲಿನಿಂದ ಎದ್ದ ಸಿಳ್ಳೆಗೆ ಮೈಕು ಕೂಡ ಕುಂಯ್ ಎಂದಿತು. ಮೇಡಂ ವಾದ್ಯದವರತ್ತ ತಿರುಗಿ ಮುಂದಿನ ಹಾಡಿಗೆ ಸನ್ನೆ ಮಾಡಿದರು.

ಮೈದಾನದ ಗೇಟು ದಾಟುವ ಮೊದಲೇ ಫೋನ್ ಬಂತು. ಮಾಸ್ಟರ್.

"ನಿನ್ನ ನಂಬರ್ ಅಳಿಸ್ತಾ ಇದ್ದೀನಿ. ಇನ್ನು ಈ ಕಡೆ ತಲೆ ಹಾಕ್ಬೇಡ. ಗೊತ್ತಾಯ್ತಾ?"

ಆಗ್ಲಿ ಸಾರ್ ಎನ್ನಲು ಬಾಯಿ ತಯಾರಾಗಿಯೇ ಇತ್ತು.

"ಅಳಿಸಿ ಸಾರ್" ಎಂದೆ. "ಆದ್ರೆ ನೋಡ್ಕೊಂಡು ಅಳಿಸಿ. ಹೋದ್ಸಲದ ಥರ ಎಲ್ಲಾದ್ರೂ ಉಳ್ಕೊಂಡ್ಬಿಟ್ಟೀತು."

ಫೋನ್ ಚೀಲಕ್ಕೆ ಹಾಕಿದ ಮೇಲೆ ಮೊಣಕಾಲು ನಡುಗತೊಡಗಿದವು. ಅಣ್ಣನ ಮಗಳು ಬಂದು ನನ್ನ ಕಿರುಬೆರಳು ಹಿಡಿದುಕೊಂಡಳು. "ನಾಳೆ ಸ್ಕೂಲಲ್ಲಿ ಹೇಳ್ಲಾ?"

"ಹೇಳು. ಟೀಚರ್‌ಗೂ ಹೇಳು."

ಅತ್ತಿಗೆ ನನ್ನ ಇನ್ನೊಂದು ರಟ್ಟೆಗೆ ಕೈ ಕೊಟ್ಟರು. "ಪುಕ್ಕಲಿ" ಎಂದರು, "ನಡುಕಾನ ಮಾತಾಡಿ ಮುಗಿಸೋವರೆಗೂ ತಡ್ಕೊಂಡಿದ್ದೆಯಲ್ಲ, ಅಷ್ಟು ಸಾಕು. ಈಗ ಎಷ್ಟು ಬೇಕೋ ಅಷ್ಟು ನಡುಗು, ನಾನು ಹಿಡ್ಕೊಂಡಿದ್ದೀನಿ."