ಗವಸಿನಲ್ಲಿ ಬಿಟ್ಟ ಜಾಗ

“ಯಾರೂ ಮುಟ್ಟಬೇಡಿ! ಇದೇ ಅವನು ಆರಿಸಿದ್ದು!”

ಪೋಸ್ಟಣ್ಣ ಚಪ್ಪಟೆ ಬೆನ್ನಿನ ಮ್ಯಾಂಡೊಲಿನ್ನನ್ನು ಎದೆಗವಚಿಕೊಂಡು ಬಾಗಿಲಿಗೆ ಅಡ್ಡ ನಿಂತ. ಅದನ್ನು ಕೊಳ್ಳಬೇಕಿದ್ದ ಅವನ ಗೆಳೆಯ ಟೈಲರ್ ನಡುಮನೆಯಲ್ಲಿ ಬಿಳಿ ಹೊದಿಕೆಯಡಿ ಮಲಗಿದ್ದ. ಎದ್ದು ಕೂರುವಂತಿದ್ದರೆ ಈ ಭಂಗಿಯನ್ನು ಅಣಕಿಸದೆ ಬಿಡುತ್ತಿರಲಿಲ್ಲ.

ಜೀವಮಾನವಿಡೀ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿದು, ಸಂಜೆಯಾದರೆ ಪ್ಲೈವುಡ್ಡಿನ ಹಳೇ ಮ್ಯಾಂಡೊಲಿನ್ ನುಡಿಸುತ್ತಿದ್ದವನು. ಕೊನೆಗೂ ಕೈಯಲ್ಲಿ ಮಾಡಿದ್ದೊಂದನ್ನು ಕೊಳ್ಳುತ್ತೇನೆಂದು ಎರಡನ್ನು ಪರೀಕ್ಷೆಗೆ ಮನೆಗೆ ತಂದಿದ್ದ: ಒಂದು ಗುಂಡು ಹೊಟ್ಟೆಯದು, ಇನ್ನೊಂದು ಚಪ್ಪಟೆ ಬೆನ್ನಿನದು. “ಯಾವುದು ಅಂತ ನಾಳೆ ಹೇಳ್ತೀನಿ” ಎಂದು ಮಲಗಿದವನು ಏಳಲಿಲ್ಲ.

“ಒಂದನ್ನ ಇಟ್ಕೊಳ್ಳಿ ಅಮ್ಮಾ” ಎಂದರು ಅವೆರಡನ್ನೂ ಮಾಡಿದ ಬಡಗಿ, ಟೈಲರನ ಹೆಂಡತಿಗೆ. “ಇನ್ನೊಂದಕ್ಕೆ ಬೇರೆಯವರು ಕಾಯ್ತಿದ್ದಾರೆ. ಆದ್ರೆ ನಿಮ್ಮ ಯಜಮಾನರಿಗೆ ಇಷ್ಟವಾಗಿದ್ದನ್ನ ಮಾತ್ರ ನಾನು ವಾಪಸ್ ಒಯ್ಯಲ್ಲ.”

“ಅಪ್ಪನ ಮುಂದೆ ಅದನ್ನೇ ನುಡಿಸ್ಬೇಕು ನಾನು” ಎಂದಳು ಮಗಳು. “ಯಾವುದಮ್ಮಾ?”

“ನನ್ನ ಕೇಳು!” ಪೋಸ್ಟಣ್ಣನ ದನಿ ಏರಿತು. “ಗೋಡೆಗೆ ಮುಖ ಮಾಡಿ ಕೇಳಿದೀನಿ. ಮೊದಲನೇದು ಗುಂಡು, ಎರಡನೇದು ಚಪ್ಪಟೆ. ಎರಡನೇದು ಜೇನು! ಅಲ್ವಾ ಅತ್ತಿಗೆ? ನೀವೂ ಇದ್ರಲ್ಲ!”

ಅತ್ತಿಗೆ ಸೆರಗನ್ನು ಬಾಯಿಗೊತ್ತಿಕೊಂಡಳು. ಅಳು ಎಂದುಕೊಂಡ ಪಕ್ಕದ ಮನೆಯವಳು ಬೆನ್ನು ಸವರಿದಳು. ಬಡಗಿ ಇದ್ದಕ್ಕಿದ್ದಂತೆ ಚಾವಣಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

*

ಬಡಗಿಯ ಕಾರ್ಖಾನೆಯಲ್ಲಿ, ವಾದ್ಯ ನೋಡಲು ಹೋದ ದಿನ, ಟೈಲರ್ ಮದುವೆಗೆ ಹೆಣ್ಣು ನೋಡಲು ಬಂದವನಂತೆ ಬೆವರಿದ್ದ. ಹಲಗೆಯನ್ನು ಬೆರಳಗಂಟಿನಿಂದ ತಟ್ಟಿದ, ರಂಧ್ರಕ್ಕೆ ಮೂಗಿಟ್ಟು ಮರದ ವಾಸನೆ ಹೀರಿದ, ಅಂಚಿಗೆ ಗದ್ದವೂರಿ ತಂತಿ ಮೀಟಿ ಕಣ್ಣು ಮುಚ್ಚಿದ.

“ಅಯ್ಯೋ, ಎಲುಬಿನೊಳಗೇ ಹೋಯ್ತು ಕಣೇ!” ಎಂದು ಹೆಂಡತಿಯ ಭುಜ ಹಿಡಿದು ಅಲುಗಾಡಿಸಿದ.

“ಎರಡೂ ಒಂದೇ ಥರ ಕೇಳ್ಸುತ್ತೆ” ಎಂದಳವಳು, ಅವನನ್ನು ಕೆಣಕಲೆಂದೇ.

“ನನ್ನ ಕಿವಿ ಇರೋವಾಗ ಅತ್ತಿಗೇನ ಯಾಕೆ ಕೇಳ್ತೀಯ?” ಎಂದು ಪೋಸ್ಟಣ್ಣ ಉಳಿ-ಗರಗಸ ನೇತುಹಾಕಿದ್ದ ಗೋಡೆಗೆ ಮುಖ ಮಾಡಿದ. ಟೈಲರ್ ಮೊದಲು ಗುಂಡು ಹೊಟ್ಟೆಯದನ್ನು ನುಡಿಸಿದ. ಆಮೇಲೆ ಹೆಂಡತಿಗೆ ಕಣ್ಣು ಹೊಡೆದು, ಹೊಸ ತಂತಿ ಕಟ್ಟಿ ಜೊತೆಗೆ ತಂದಿದ್ದ ತನ್ನ ಹಳೇ ಪ್ಲೈವುಡ್ಡನ್ನೇ ಚೀಲದಿಂದ ತೆಗೆದು ನುಡಿಸಿದ.

“ಇದು! ಇದು ಜೇನು ಕಣಯ್ಯಾ, ಜೇನು! ಪ್ಲೈವುಡ್ ಕುಟ್ಟಿಕೊಂಡು ಆಯಸ್ಸು ಕಳೆದ್ಯಲ್ಲೋ ಪಾಪಿ!” ಎಂದು ಪೋಸ್ಟಣ್ಣ ಗೋಡೆಗೇ ಕೂಗಿದ.

ಬಡಗಿ ಹೊಟ್ಟು ತುಂಬಿದ ಮೂಲೆಗೆ ಹೋಗಿ ಸುಮ್ಮಸುಮ್ಮನೆ ಕೆಮ್ಮಿದರು. ಟೈಲರ್ ಮೆಲ್ಲಗೆ ಹೆಂಡತಿಗೆಂದ: “ಈಗಲೇ ಬೇಡ. ಹೊಸದನ್ನ ಎಲ್ಲರ ಮುಂದೆ ಮೊದಲು ನುಡಿಸೋ ದಿನ ಹೇಳೋಣ.”

*

“ಅಮ್ಮಾ! ಇಲ್ಲಿ ಬಾ!”

ಹೊಲಿಗೆ ಮಷೀನಿನ ಸೂಜಿಯಡಿ ಅರ್ಧ ಹೊಲಿದ ನೀಲಿ ಬಟ್ಟೆಯೊಂದು ಸಿಕ್ಕಿಕೊಂಡಿತ್ತು. ಯೂನಿಫಾರ್ಮ್ ನೀಲಿಯೇ. ಆದರೆ ಕುತ್ತಿಗೆ ಉದ್ದ, ತೋಳಿಲ್ಲ.

“ಮ್ಯಾಂಡೊಲಿನ್ ಗವಸು!” ಎಂದಳು ತಾಯಿ. “ಯಾವುದು ಅಂತ ತೀರ್ಮಾನ ಮಾಡದೆ ಕತ್ತರಿ ಹಾಕೋ ಮನುಷ್ಯ ಅಲ್ಲ ಅವರು. ತನ್ನಿ, ತೊಡಿಸಿ ನೋಡೋಣ!”

ಸಾವಿನ ಮನೆ ಟ್ರಯಲ್ ರೂಮಾಯಿತು. ಬಂದವರೆಲ್ಲ ಮಷೀನಿನ ಸುತ್ತ ಮುಗಿಬಿದ್ದರು. ಚಪ್ಪಟೆಯದನ್ನು ತೂರಿಸಿದರೆ ಬಟ್ಟೆಯ ಹೊಟ್ಟೆಭಾಗ ಉಪವಾಸ ಬಿದ್ದವರ ಅಂಗಿಯಂತೆ ಜೋತಾಡಿತು. ಗುಂಡಗಿನದು ಜಾರಿ ಕೂತಿತು. ಆದರೂ ಸುತ್ತ ಒಂದು ಬೆರಳು ಸಡಿಲ, ಅಂಚಿನಲ್ಲಿ ಒಳಮಡಚಿದ ಬಟ್ಟೆ ಬೇರೆ.

“ಅಳತೆ ತಪ್ಪಿದ್ದಾನೆ” ಎಂದ ಪೋಸ್ಟಣ್ಣ ಆಸೆಯಿಂದ.

“ಇಲ್ಲ” ಎಂದಳು ಹೆಂಡತಿ. ಮಡಿಕೆಯ ಮೇಲೆ ಅವಳ ಬೆರಳು ನಿಂತಿತು. “ಮಕ್ಕಳಿಗೆ ಹೊಲಿದ ಹಂಗೇ ಹೊಲಿದಿದಾರೆ. ಬೆಳೆಯೋಕೆ ಜಾಗ ಬಿಟ್ಟು.”

“ಮ್ಯಾಂಡೊಲಿನ್ ಎಲ್ಲಾದ್ರೂ ಬೆಳೆಯುತ್ತಾ?”

“ಮೈ ಬೆಳೆಯಲ್ಲ” ಎಂದರು ಬಡಗಿ. “ದನಿ ಬೆಳೆಯುತ್ತೆ. ನುಡಿಸಿದಷ್ಟೂ. ಅವತ್ತು ನಾನೇ ಅವರಿಗೆ ಹೇಳಿದ್ದೆ.”

ಪೋಸ್ಟಣ್ಣ ಚಪ್ಪಟೆಯದನ್ನು ಮೇಜಿನ ಮೇಲಿಟ್ಟ. ಮುಖ ಸಣ್ಣದಾಗಿತ್ತು. “ಹಂಗಾದ್ರೆ ನನ್ನ ಕಿವೀನ ಅವನು ನಂಬಲೇ ಇಲ್ಲ. ಇಷ್ಟು ವರ್ಷದ ಸ್ನೇಹ, ಒಂದು ಮಾತು ಹೇಳಬಾರದಿತ್ತಾ ಅತ್ತಿಗೆ?”

ಅವಳಿಗೆ ಇನ್ನು ತಡೆಯಲಾಗಲಿಲ್ಲ. ಅಟ್ಟದಿಂದ ಹಳೇ ಚೀಲ ಇಳಿಸಿ ಮಗಳ ಕೈಗಿತ್ತಳು. “ಪೋಸ್ಟಣ್ಣಾ, ಸ್ವಲ್ಪ ಗೋಡೆ ಕಡೆ ತಿರುಗಿ.”

ಮಗಳು ಮೀಟಿದಳು.

“ಇದೇ! ಎರಡನೇದು! ಜೇನು ಅಂದೆನಲ್ಲ, ಇದೇ!” ಎಂದು ಪೋಸ್ಟಣ್ಣ ಗರಕ್ಕನೆ ತಿರುಗಿದ.

ಹುಡುಗಿಯ ತೊಡೆಯ ಮೇಲೆ ಪ್ಲೈವುಡ್ ಮ್ಯಾಂಡೊಲಿನ್. ಅದರ ಬಿರುಕಿನ ಮೇಲೆ ಎಂದೋ ಪೋಸ್ಟಣ್ಣನೇ ಅಂಟಿಸಿ ಠಸ್ಸೆ ಒತ್ತಿದ್ದ ಅಂಚೆಚೀಟಿ.

ಅವಳು ಕತ್ತು ಕೊಂಕಿಸಿ, ಅಪ್ಪನದೇ ವರಸೆಯಲ್ಲಿ ಪೋಸ್ಟಣ್ಣನ ದನಿ ತೆಗೆದಳು: “ಜೇನು ಕಣಯ್ಯಾ, ಜೇನು!”

ಪೋಸ್ಟಣ್ಣ ಅಂಚೆಚೀಟಿಯನ್ನು ನೋಡಿದ, ಬಿಳಿ ಹೊದಿಕೆಯನ್ನು ನೋಡಿದ. “ಲೋ ಕಳ್ಳಾ... ಹೋಗೋವಾಗಲೂ ನನ್ನ ಮೈಯಳತೆ ತಗೊಂಡೇ ಹೋದ್ಯಲ್ಲೋ!” ಎಂದವನೇ ಶವದ ಪಕ್ಕ ಕುಸಿದು ಕೂತು ನಗತೊಡಗಿದ. ಅತ್ತಿಗೆ ನಕ್ಕಳು, ಬಡಗಿ ನಕ್ಕರು, ಶವ ಒಯ್ಯಲು ಬಂದು ಬಾಗಿಲಲ್ಲಿ ಟೋಪಿ ತೆಗೆದು ನಿಂತಿದ್ದ ಗಾಡಿಯವನೂ ನಕ್ಕ. ಎಲ್ಲರಿಗಿಂತ ಜೋರು ಪೋಸ್ಟಣ್ಣನದೇ, ಕಣ್ಣೀರು ಮೀಸೆಯಿಂದ ತೊಟ್ಟಿಕ್ಕುವ ಹಾಗೆ. ಆ ನಗುವಿನ ಅದುರಿಗೆ, ಯಾರೂ ಮುಟ್ಟದೆಯೇ, ಸಡಿಲ ಗವಸಿನೊಳಗೆ ಗುಂಡು ಮ್ಯಾಂಡೊಲಿನ್ನಿನ ತಂತಿಗಳು ಝುಂಯ್ ಎಂದವು.